ಮುಂಬೈ–ಗೋವಾ ಕರಾವಳಿ ಸೈಕಲ್ ಯಾನ: ದಾರಿಯಲ್ಲಿ ಸಿಗುವ ಅಪರಿಚಿತರ ಜೊತೆ ವ್ಯವಹಾರ ಹೇಗೆ?

ಡೊಂಬಿವ್ಲಿ ಪೆಡಲ್

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮುಂಬೈನ ಭಾವುಚಾ ಧಕ್ಕಾದಿಂದ ರೋ-ರೋ (ವಾಹನ ಒಯ್ಯುವ ಫೆರಿ) ಹತ್ತಿ ಮಾಂಡವಾದಲ್ಲಿ ಇಳಿದು, ಅಲ್ಲಿಂದ ಕರಾವಳಿ ರಸ್ತೆಯಲ್ಲೇ ಗೋವಾದ ಕೇರಿ ಎಂಬ ಊರಿನವರೆಗೆ, ಆಮೇಲೆ ಪಣಜಿಗೆ ಹೋಗುವ ಯೋಚನೆ. ಒಬ್ಬನೇ. ಸ್ಟೀಲ್ ಫ್ರೇಮ್, 700×35 ಟೈರು, ಪ್ರೆಸ್ಟಾ ವಾಲ್ವ್ (ತೆಳು ಕಡ್ಡಿಯ ಸೈಕಲ್ ವಾಲ್ವ್), ಡಿಸ್ಕ್ ಬ್ರೇಕ್, ಹಿಂದಿನ ಕ್ಯಾರಿಯರ್‌ಗೆ ಎರಡು ಚೀಲ. ಗೇರು, ದಿನಕ್ಕೆ ಎಷ್ಟು ದೂರ, ಏನೇನು ಹೊರಬೇಕು ಎಂಬುದೆಲ್ಲ ಇಲ್ಲಿ ಆಗಲೇ ಬೇಕಾದಷ್ಟು ಚರ್ಚೆಯಾಗಿದೆ. ನನಗೆ ಬೇಕಿರುವುದು ಜನರ ವಿಷಯ. ಯಾರನ್ನು ಏನು ಕೇಳಬೇಕು, ನಮ್ಮ ಬಗ್ಗೆ ಎಷ್ಟು ಹೇಳಬೇಕು, ರಾತ್ರಿ ತಂಗಲು ಯಾರ ಅನುಮತಿ ಪಡೆಯಬೇಕು, ಯಾವುದಕ್ಕೆ ಬೇಡ ಎನ್ನಬೇಕು? ಮರಾಠಿ ಸರಾಗವಾಗಿ ಬರುತ್ತದೆ.

ಚೆಂಬೂರಿಗ

ಮರಾಠಿ ಬರುತ್ತದೆ ಅಂದ ಮೇಲೆ ಅರ್ಧ ಕೆಲಸ ಆಯಿತು ಮಾರಾಯ್ರೆ. ಉಳಿದದ್ದು ಕೇಳುವ ಕ್ರಮದಲ್ಲಿ ಉಂಟು.

ದಾರಿ ಕೇಳುವಾಗ ಹೌದು-ಅಲ್ಲ ಎಂದು ಉತ್ತರ ಬರುವ ಪ್ರಶ್ನೆ ಹಾಕಲೇಬೇಡಿ. ‘ಇದು ಗುಹಾಗರ್ ರಸ್ತೆಯಾ?’ ಎಂದರೆ ಎದುರಿನವರು ಮರ್ಯಾದೆಗೆ ಹೌದು ಅಂತಾರೆ. ‘ಕಾಕಾ, ಗುಹಾಗರ್‌ಲಾ ಕುಠ್ಲಾ ರಸ್ತಾ?’ ಎಂದು ಕೇಳಿದರೆ ಅವರು ಯೋಚಿಸಿ ಕೈ ತೋರಿಸಲೇಬೇಕು. ದೂರ ಕೇಳಿ ಪ್ರಯೋಜನ ಇಲ್ಲ, ಬರುವ ಉತ್ತರ ಬೈಕಿನ ಲೆಕ್ಕದ್ದು. ‘ಚಢ್ ಕಿತೀ ಆಹೇತ್?’ ಅಂತ ಏರು ಎಷ್ಟಿವೆ ಎಂದು ಕೇಳಿ. ಈ ರಸ್ತೆಯ ಗುಣವೇ ಅದು: ಪ್ರತಿ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಸಮುದ್ರಮಟ್ಟಕ್ಕೆ ಇಳಿಯುವುದು, ದಾಟಿದ ಕೂಡಲೇ ಜಂಬಿಟ್ಟಿಗೆಯ ಬಯಲು ಸಡಾಕ್ಕೆ ಹತ್ತುವುದು. ಹತ್ತು ಕಿಲೋಮೀಟರಿನಲ್ಲಿ ಅಂಥ ಎರಡು ಏರು ಬಂದರೆ ಮಧ್ಯಾಹ್ನ ಪೂರ್ತಿ ಅಲ್ಲೇ ಹೋಯಿತು.

ಯಾರನ್ನು ಕೇಳುವುದು ಎಂಬುದೂ ಮುಖ್ಯ. ಎಸ್‌ಟಿ ಸರ್ಕಾರಿ ಬಸ್ಸಿನ ಡ್ರೈವರ್-ಕಂಡಕ್ಟರ್ ಕೊಡುವಷ್ಟು ಸರಿಯಾದ ಮಾಹಿತಿ ಬೇರೆ ಯಾರೂ ಕೊಡುವುದಿಲ್ಲ. ಯಾವ ರಸ್ತೆ ಅಗೆದಿದ್ದಾರೆ, ಯಾವ ಸೇತುವೆ ಬಂದ್ ಎಂದು ಅವರಿಗೆ ದಿನಾ ಗೊತ್ತಾಗುತ್ತದೆ. ಊರ ಸ್ಟ್ಯಾಂಡಿನಲ್ಲಿ ಚಹಾಕ್ಕೆ ನಿಂತಾಗ ಕೇಳಿ. ಟೆಂಪೋದವರಿಗೆ ರಸ್ತೆಯ ಮೈ ಹೇಗಿದೆ ಎಂದು ಗೊತ್ತು. ರಜೆಗೆಂದು ಕಾರಿನಲ್ಲಿ ಬಂದವರನ್ನು ಕೇಳಬೇಡಿ, ಅವರೂ ನಿಮ್ಮ ಹಾಗೆ ಮೊಬೈಲ್ ಮ್ಯಾಪ್ ನೋಡಿಯೇ ಹೇಳುವುದು.

ಸಡಾ ಹತ್ತುವ ಮೊದಲು ಕೆಳಗಿನ ಕೊನೆಯ ಮನೆಯಲ್ಲಿ ನೀರು ತುಂಬಿಸಿಕೊಳ್ಳಿ. ಮೇಲೆ ನೆರಳಿಲ್ಲ, ಅಂಗಡಿ ಇಲ್ಲ. ಬಾಗಿಲಿಗೆ ಹೋಗಿ ಲೋಟ ಕೇಳುವುದಕ್ಕಿಂತ ಖಾಲಿ ಬಾಟಲಿ ತೋರಿಸುವುದು ಒಳ್ಳೆಯದು. ಬಾವಿ ನೀರಾದರೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಎಷ್ಟು ಹೊತ್ತು ಎಂದು ಬರೆದಿದೆಯೋ ಅಷ್ಟು ಹೊತ್ತು ಬಿಟ್ಟು ಕುಡಿಯಿರಿ.

ಕೋಥ್ರೂಡ್ ಸವಾರ

ನಾನು ಜೆಟ್ಟಿಗಳ ಬಗ್ಗೆ ಬರೆಯುತ್ತೇನೆ. ಈ ದಾರಿಯಲ್ಲಿ ಅಪರಿಚಿತರ ಕೈ ನಿಮ್ಮ ಸೈಕಲ್ ಮೇಲೆ ಅತಿ ಹೆಚ್ಚು ಬೀಳುವ ಜಾಗ ಅದೇ. ಆಗರದಾಂಡಾ–ದಿಘಿ, ಬಾಗಮಾಂಡಲಾ–ವೇಶ್ವಿ, ದಾಭೋಳ್–ಧೋಪಾವೆ, ತವಸಾಳ್–ಜಯಗಡ, ಈ ನಾಲ್ಕರಲ್ಲೂ ಕಾರು ಹತ್ತುವಂಥ ದೊಡ್ಡ ಫೆರಿ ಇದೆ.

ಫೆರಿ ಬಂದು ಬಾಗಿಲು ಬಿಚ್ಚಿದಾಗ ರ‍್ಯಾಂಪಿನ ತುದಿ ನೀರಿನಲ್ಲಿ ಅದ್ದಿರುತ್ತದೆ. ಜೆಟ್ಟಿಯ ಕಾಂಕ್ರೀಟಿನ ಮೇಲೆ, ಭರತದ ನೀರು ಮುಟ್ಟುವ ಗೆರೆಯವರೆಗೆ, ಹಸಿರು ಪಾಚಿ. ಅದರ ಮೇಲೆ ಸೈಕಲ್ ಓಡಿಸಬೇಡಿ, ಇಳಿದು ತಳ್ಳಿ. ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಅಡಿಯ ತುಂಡು) ಇರುವ ಬೂಟು ಹಾಕಿದ್ದರೆ ಕಾಲು ಜಾರುವುದು ಖಚಿತ. ಜೆಟ್ಟಿಗೆ ಬರುವ ಮೊದಲೇ ಚಪ್ಪಲಿ ಹಾಕಿಕೊಳ್ಳಿ. ಮೊದಲು ಕಾರುಗಳನ್ನು ಹತ್ತಲು ಬಿಟ್ಟು ಕೊನೆಗೆ ಹತ್ತುವುದು, ಇಳಿಯುವಾಗ ಫೆರಿ ಪೂರ್ತಿ ನಿಂತ ಮೇಲೆ ಇಳಿಯುವುದು.

ಈ ಹೊತ್ತಿಗೆ ಫೆರಿಯ ಹುಡುಗ ಸಹಾಯಕ್ಕೆ ಬರುತ್ತಾನೆ. ತುಂಬಿದ ಸೈಕಲ್ ಎತ್ತಿ ಅಭ್ಯಾಸ ಇಲ್ಲದವರು ಕೈ ಹಾಕುವುದು ಮೂರು ತಪ್ಪು ಜಾಗಕ್ಕೆ: ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ), ಬ್ರೇಕ್ ಕೇಬಲ್, ಚೀಲದ ಮೇಲಿನ ಪಟ್ಟಿ. ಡಿರೈಲರ್ ಹಿಡಿದು ಎತ್ತಿದರೆ ಅದನ್ನು ಫ್ರೇಮಿಗೆ ಜೋಡಿಸುವ ಹ್ಯಾಂಗರ್ ಒಳಗೆ ಬಾಗುತ್ತದೆ. ಆಮೇಲೆ ಅತಿ ದೊಡ್ಡ ಹಲ್ಲಿಗೆ ಗೇರ್ ಹಾಕಿದಾಗ ಡಿರೈಲರ್ ಸ್ಪೋಕಿನೊಳಗೆ ಹೋಗಿ ಎರಡೂ ಮುರಿಯುತ್ತವೆ. ಆ ಹ್ಯಾಂಗರ್ ಕೊಂಕಣದ ಹಳ್ಳಿಯಲ್ಲಿ ಸಿಗುವ ವಸ್ತುವಲ್ಲ. ನಿಮ್ಮ ಫ್ರೇಮಿಗೆ ಹೊಂದುವ ಒಂದನ್ನು ಮುಂಬೈಯಿಂದಲೇ ಒಯ್ಯಿರಿ. ಸಹಾಯಕ್ಕೆ ಬಂದವನಿಗೆ ಮುಟ್ಟಬೇಡ ಎನ್ನಬೇಡಿ. ‘ದಾದಾ, ಇಥೇ ಧರಾ’ ಎಂದು ಸೀಟಿನ ಕೆಳಗಿನ ಕೊಳವೆ ತೋರಿಸಿ, ಹ್ಯಾಂಡಲ್ ನೀವು ಹಿಡಿಯಿರಿ. ಹೀಗೆ ಹಿಡಿಯುವ ಜಾಗ ಕೊಟ್ಟರೆ ಎಲ್ಲವೂ ಸಲೀಸು.

ಕೊನೆಯ ಫೆರಿಯ ಸಮಯ ಮ್ಯಾಪಿನಲ್ಲಿರುವುದನ್ನು ನಂಬಬೇಡಿ. ಹಿಂದಿನ ಜೆಟ್ಟಿಯ ಟಿಕೆಟ್ ಕೊಡುವವರಲ್ಲಿ ಮುಂದಿನ ಜೆಟ್ಟಿಯ ಬಗ್ಗೆ ಕೇಳಿ, ಅವರಿಗೆ ಆ ಕಡೆಯ ಸುದ್ದಿ ಗೊತ್ತಿರುತ್ತದೆ.

ಚೆಂಬೂರಿಗ

ಜೆಟ್ಟಿಯದ್ದು ಸರಿಯಾಗಿ ಹೇಳಿದಿರಿ. ಚಹಾ ಅಂಗಡಿಯಲ್ಲೂ ಅದೇ ಕಥೆ. ನೀವು ಒಳಗೆ ಮಿಸಳ್ ತಿನ್ನುವಷ್ಟರಲ್ಲಿ ಹೊರಗೆ ಯಾರಾದರೂ ಗೇರ್ ಲಿವರ್ ಕಟಕಟ ಒತ್ತಿರುತ್ತಾರೆ. ಚಕ್ರ ತಿರುಗದೆ ಲಿವರ್ ಮಾತ್ರ ಹೋದರೆ ಚೈನ್ ಅರ್ಧಕ್ಕೆ ಕೂತಿರುತ್ತದೆ, ಮೊದಲ ತುಳಿತಕ್ಕೇ ಜಿಗಿಯುತ್ತದೆ. ಏರಿನಲ್ಲಾದರೆ ಚೈನಿನ ಕೊಂಡಿಯೇ ಬಿಡಬಹುದು. ಹೊರಡುವ ಮೊದಲು ಹಿಂಬದಿ ಎತ್ತಿ ಪೆಡಲ್ ಎರಡು ಸುತ್ತು ತಿರುಗಿಸಿ, ಎರಡೂ ಬ್ರೇಕ್ ಹಿಡಿದು ನೋಡಿ, ಎರಡೂ ಚಕ್ರದ ಕ್ವಿಕ್ ರಿಲೀಸ್ ಲಿವರ್ (ಉಪಕರಣವಿಲ್ಲದೆ ಚಕ್ರ ಬಿಚ್ಚುವ ಹಿಡಿ) ಮುಚ್ಚಿದೆಯಾ ಎಂದು ಕೈಯಿಂದ ಮುಟ್ಟಿ ನೋಡಿ. ಮಕ್ಕಳಿಗೆ ಆ ಲಿವರ್ ಅಂದರೆ ಬಲು ಕುತೂಹಲ. ಅದರ ಬದಲು ಅಲೆನ್ ಕೀಲಿಯಿಂದ ಬಿಗಿಯುವ ಸ್ಕ್ಯೂವರ್ (ಚಕ್ರ ಹಿಡಿಯುವ ಕಡ್ಡಿ) ಹಾಕಿಸಿಬಿಟ್ಟರೆ ಈ ತಲೆಬಿಸಿಯೇ ಇಲ್ಲ.

ಹಾಗೆಯೇ ಹಿಂದಿನ ಬ್ರೇಕ್ ಲಿವರಿಗೆ ರಬ್ಬರ್ ಬ್ಯಾಂಡ್ ಸುತ್ತಿ ನಿಲ್ಲಿಸಿ. ಯಾರಾದರೂ ಒರಗಿದರೂ ಸೈಕಲ್ ಉರುಳಿಕೊಂಡು ಹೋಗುವುದಿಲ್ಲ.

ವಾಸ್ಕೋ ವಾಸಿ

ಪಂಕ್ಚರ್ ಅಂಗಡಿ ವಿಷಯ ಯಾರೂ ಬರದಿಲ್ಲ ನೋಡ್ರಿ. ಅದನ್ನ ನಾ ಬರೀತೀನಿ, ಯಾಕಂದ್ರ ಅಲ್ಲಿ ಒಳ್ಳೆ ಮನಸ್ಸಿನಿಂದನ ಟ್ಯೂಬ್ ಹಾಳಾಗ್ತದ.

ಹೈವೇ ಮೇಲಿನ ಅಂಗಡಿಯವರದು ಲಾರಿ, ಬೈಕಿನ ಕೆಲಸ. ಕಂಪ್ರೆಸ್ಸರ್ ಹೋಸಿನ ಬಾಯಿ ಬೈಕ್-ಕಾರಿನ ಶ್ರೇಡರ್ ವಾಲ್ವಿಗೆ ಮಾಡಿದ್ದು. ನಿಮ್ಮ ಪ್ರೆಸ್ಟಾಕ್ಕ ಹಿತ್ತಾಳಿ ಅಡಾಪ್ಟರ್ ಬೇಕು. ಎರಡು ಒಯ್ರಿ, ಒಂದು ವಾಲ್ವ್ ಕ್ಯಾಪಿನ ಜಾಗಾದಾಗ ಇರಲಿ, ಇನ್ನೊಂದು ಟೂಲ್ ಚೀಲದಾಗ. ಮೊದಲು ಪ್ರೆಸ್ಟಾದ ಸಣ್ಣ ನಟ್ ಸಡಿಲ ಮಾಡಿ ಒಮ್ಮಿ ಒತ್ತಿ ಗಾಳಿ ಬಿಡ್ರಿ, ಆಮ್ಯಾಗ ಅಡಾಪ್ಟರ್ ತಿರುವ್ರಿ. ನಟ್ ಮುಚ್ಚಿದ್ದರ ಗಾಳಿ ಒಳಗ ಹೋಗೂದಿಲ್ಲ. ಆತ ವಾಲ್ವ್ ಕೆಟ್ಟದ ಅಂತ ತಿಳಿದು ಹೋಸ್ ಜೋರಾಗಿ ಒತ್ತತಾನ, ವಾಲ್ವಿನ ಕಡ್ಡಿ ಬಾಗ್ತದ.

ಎರಡನೇದು ಪ್ರೆಷರ್. ಸಾಮಾನು ಹೇರಿದ 35ರ ಟೈರಿಗೆ ಹಿಂದ 60–65 ಪಿಎಸ್‌ಐ, ಮುಂದ 50–55 ಸಾಕು. ಟ್ಯಾಂಕಿನ್ಯಾಗ 100ಕ್ಕಿಂತ ಹೆಚ್ಚಿಗಿ ಇರ್ತದ. ಸೈಕಲ್ ಟೈರಿನ್ಯಾಗ ಜಾಗಾ ಕಡಿಮಿ, ಹಂಗಾಗಿ ಲಾರಿಗೆ ಹಿಡಿದಂಗ ಹೋಸ್ ಹಿಡಿದರ ಕೆಲವು ಸೆಕೆಂಡಿನ್ಯಾಗ ಟೈರಿನ ಅಂಚು ರಿಮ್ಮಿನಿಂದ ಎದ್ದು ಟ್ಯೂಬ್ ಢಂ ಅಂತದ. ಹೋಸ್ ನಿಮ್ಮ ಕೈಗೆ ಇಸ್ಕೊಳ್ರಿ. ಒಂದೊಂದೇ ಸೆಕೆಂಡ್ ಬಿಡ್ರಿ, ಪ್ರತಿ ಸಲ ಹೆಬ್ಬೆರಳಿನಿಂದ ಒತ್ತಿ ನೋಡ್ರಿ, ಅಂಚು ಸುತ್ತಲೂ ಸಮಾ ಕೂತದೋ ಇಲ್ಲೋ ಕಣ್ಣಿಂದ ನೋಡ್ರಿ.

ಮೂರನೇದು ಬಿಸಿ ಪ್ಯಾಚ್. ಬೈಕ್ ಟ್ಯೂಬಿಗೆ ಕಾಯಿಸಿ ಅಂಟಸೂದು ನಡೀತದ, ನಿಮ್ಮ ತೆಳು ಟ್ಯೂಬ್ ಸುಟ್ಟು ಹೋಗ್ತದ. ಸೊಲ್ಯೂಷನ್ ಹಚ್ಚಿ ತಣ್ಣನ ಪ್ಯಾಚ್ ಹಾಕಿಸ್ರಿ. ಇಲ್ಲಾಂದ್ರ ಅವರ ನೀರಿನ ತೊಟ್ಟಿಯೊಳಗ ತೂತು ಹುಡುಕಿಸಿಕೊಂಡು ಪ್ಯಾಚ್ ನೀವ ಹಾಕ್ರಿ. ಅವರು ದುಡ್ಡು ಬ್ಯಾಡ ಅಂದರೂ ಕೂಲಿ ಕೊಟ್ಟು ಬರ್ರಿ, ಅದು ಅವರ ದುಡಿಮಿ.

ಇನ್ನ ಕನ್ನಡದ ವಿಷಯ. ಸಿಂಧುದುರ್ಗ, ಗೋವಾದಾಗ ಚಿರೆಕಲ್ಲಿನ ಕ್ವಾರಿ, ರಸ್ತೆ ಕೆಲಸ, ಕಟ್ಟಡ ಕೆಲಸದಾಗ ನಮ್ಮ ಉತ್ತರ ಕರ್ನಾಟಕದ ಮಂದಿ ಬಾಳ ಅದಾರ. ರಸ್ತೆ ಬದಿ ಡಾಂಬರ್ ಕೆಲಸ ನಡದಿದ್ದರ ಕನ್ನಡದಾಗ ಮಾತಾಡಿಸಿ ನೋಡ್ರಿ. ಮುಂದಿನ ಎಷ್ಟು ಕಿಲೋಮೀಟರ್ ಜಲ್ಲಿ ಹಾಸ್ಯಾರ ಅನ್ನೂದು ಅವರಿಗಿಂತ ಚಲೋ ಯಾರಿಗೂ ಗೊತ್ತಿಲ್ಲ.

ಕೋಥ್ರೂಡ್ ಸವಾರ

ವಾಸ್ಕೋದವರ ಮಾತಿಗೆ ಒಂದು ಸೇರ್ಪಡೆ. ಬೈಕ್ ಗ್ಯಾರೇಜಿನಲ್ಲಿ ಚೈನ್ ಕಿರುಗುಟ್ಟುವುದನ್ನು ಕೇಳಿ ಮೆಕ್ಯಾನಿಕ್ ತಾನಾಗಿಯೇ ಎಣ್ಣೆ ಹಿಡಿದು ಬರಬಹುದು. ಹಳೆಯ ಎಂಜಿನ್ ಆಯಿಲ್ ಚೈನಿಗೆ ಬಿದ್ದರೆ ಧೂಳು ಹಿಡಿಯುತ್ತದೆ, ಅಷ್ಟೇ. ಡಿಸ್ಕಿಗೆ ಒಂದು ಹನಿ ಸಿಡಿದರೆ ಬ್ರೇಕ್ ಹೋಯಿತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಸ್ವಚ್ಛ ಬಟ್ಟೆಯಲ್ಲಿ ಡಿಸ್ಕ್ ಒರೆಸಬೇಕು. ಪ್ಯಾಡಿನ ಮೇಲ್ಮೈಯನ್ನು ಪಾಲಿಷ್ ಪೇಪರಿನಲ್ಲಿ ತಿಕ್ಕಿ ನೋಡಬಹುದು, ಎಣ್ಣೆ ಒಳಗೆ ಇಂಗಿದ್ದರೆ ಪ್ಯಾಡ್ ಬದಲಿಸದೆ ದಾರಿಯಿಲ್ಲ. ಒಂದು ಜೊತೆ ಬಿಡಿ ಪ್ಯಾಡ್ ಇರಲಿ.

ಕ್ಯಾರಿಯರ್ ಸ್ಟೀಲಿನದಾದರೆ ಯಾವ ಊರಿನ ವೆಲ್ಡರ್ ಆದರೂ ಜೋಡಿಸಿಕೊಡುತ್ತಾನೆ. ಅಲ್ಯೂಮಿನಿಯಂ ಆದರೆ ಮಾಮೂಲಿ ವೆಲ್ಡಿಂಗಿಗೆ ಆಗುವುದಿಲ್ಲ, ಪಟ್ಟಿ ಇಟ್ಟು ಹೋಸ್ ಕ್ಲಿಪ್ ಬಿಗಿಯಬೇಕು. ಎಂ5 ಬೋಲ್ಟ್ 16 ಮಿ.ಮೀ. ಉದ್ದದ್ದು ನಾಲ್ಕು ಒಯ್ಯಿರಿ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಇರುವುದು ಎಂ6, ಅದನ್ನೇ ಒತ್ತಿ ತಿರುಗಿಸಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ.

ಡೊಂಬಿವ್ಲಿ ಪೆಡಲ್

ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ಬೈಕಿನವರು ಪಕ್ಕಕ್ಕೆ ಬಂದು ಮಾತಾಡಿಸಿಕೊಂಡು ಬರುವುದು, ರಾತ್ರಿ ಎಲ್ಲಿ ಉಳಿಯುತ್ತೀರಿ ಎಂದು ಕೇಳುವುದು, ಇದಕ್ಕೆಲ್ಲ ಏನು ಹೇಳುವುದು?

ಚಿಂಚ್‌ವಾಡದ ಅಕ್ಕ

ನಿಜ ಹೇಳಬೇಕಾಗಿಲ್ಲ. ಹಿಂದಿನ ಊರು ನಿಜ ಹೇಳಿ, ಮುಂದಿನ ಊರು ಮಾತ್ರ ಬೇರೆ ಹೇಳಿ. ‘ಗೆಳೆಯರು ಹಿಂದೆ ಬರುತ್ತಿದ್ದಾರೆ, ಮುಂದಿನ ನಾಕಾದಲ್ಲಿ ಸೇರುತ್ತೇವೆ’ ಎಂಬ ಒಂದೇ ಉತ್ತರ ಸಾಕು. ಕೇಳುವವರಲ್ಲಿ ಬಹುತೇಕರಿಗೆ ಬರಿಯ ಕುತೂಹಲ ಎಂಬುದು ನಿಜ. ಆದರೆ ಇವರು ಯಾವ ತರದವರು ಎಂದು ಸೈಕಲ್ ಮೇಲಿಂದ ಅಳೆಯಲು ನಮಗೆ ಸಮಯ ಇರುವುದಿಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಉತ್ತರ.

ಬೈಕ್ ಪಕ್ಕಕ್ಕೆ ಬಂದರೆ ಓಡಿಸುತ್ತಾ ಮಾತಾಡಬೇಡಿ. ಕೈ ಮಾಡಿ, ನಿಧಾನಿಸಿ, ಡಾಂಬರ್ ಬಿಟ್ಟು ಎಡಕ್ಕೆ ಇಳಿದು ಒಂದು ಕಾಲು ಊರಿ ನಿಲ್ಲಿ. ಅವರ ಹ್ಯಾಂಡಲ್ಲೂ ನಿಮ್ಮದೂ ಸಿಕ್ಕಿಕೊಳ್ಳಲು ಒಂದು ಗುಂಡಿ ಸಾಕು. ಏರಿನಲ್ಲಿ ಬೆನ್ನಿಗೆ ಕೈ ಕೊಟ್ಟು ತಳ್ಳುವವರೂ ಇರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಒತ್ತಡ ಒಂದೇ ಬದಿಗೆ ಬಿದ್ದು ಮುಂದಿನ ಚಕ್ರ ಅಡ್ಡ ತಿರುಗುತ್ತದೆ. ಕ್ಯಾರಿಯರ್ ಹಿಡಿದು ತಳ್ಳಿದರೆ ಇನ್ನೂ ಅಪಾಯ. ನಿಂತುಬಿಡಿ. ನಿಂತವರನ್ನು ಯಾರೂ ತಳ್ಳುವುದಿಲ್ಲ.

ಸೆಲ್ಫಿಗೆ ನಿಲ್ಲಿ, ಅದರಿಂದ ನಷ್ಟವಿಲ್ಲ. ಹೆಂಗಸರಾದರೆ ಅಲ್ಲಿರುವ ಬೇರೆ ಹೆಂಗಸರನ್ನೂ ಫೋಟೋಕ್ಕೆ ಕರೆಯಿರಿ, ವಾತಾವರಣವೇ ಬೇರೆಯಾಗುತ್ತದೆ. ‘ಒಂದು ರೌಂಡ್ ಓಡಿಸಲಾ?’ ಎಂದರೆ ಮಾತ್ರ ಬೇಡ ಎನ್ನಿ. ಡಿಸ್ಕ್ ಬ್ರೇಕ್ ಅಭ್ಯಾಸ ಇಲ್ಲದವರು ಮುಂದಿನ ಲಿವರ್ ಗಟ್ಟಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾರೆ.

ಚೆಂಬೂರಿಗ

ಅಕ್ಕಾ, ಮುಂದಿನ ಊರು ಸುಳ್ಳು ಹೇಳಿ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಂಕಣದಲ್ಲಿ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಹೇಳಿಯೇ ಊಟ, ರೂಮು ಆಗುವುದು. ವೇಳಾಸ್‌ನಲ್ಲಿ ಉಳಿಯುವವರು ಕೇಳಶಿ ಎಂದು ಹೇಳಿದರೆ ಆ ಸರಪಳಿ ಅಲ್ಲೇ ತುಂಡಾಯಿತಲ್ಲ?

ಚಿಂಚ್‌ವಾಡದ ಅಕ್ಕ

ನಿಮ್ಮ ಮಾತೂ ಸರಿ. ಆದ್ದರಿಂದ ಹೀಗೆ ವಿಂಗಡಿಸಿ: ಅಂಗಡಿ, ಜೆಟ್ಟಿ, ಖಾನಾವಳಿಯಲ್ಲಿ ಕೂತಿರುವವರಿಗೆ, ಅಂದರೆ ಊರಲ್ಲಿ ನೆಲೆ ಇದ್ದು ನಾಲ್ಕು ಜನರಿಗೆ ಗುರುತಿರುವವರಿಗೆ ನಿಜ ಹೇಳಿ. ರಸ್ತೆಯಲ್ಲಿ ವಾಹನದ ಮೇಲೆ ಬಂದು ಕೇಳುವವರಿಗೆ ಬೇಡ. ಒಬ್ಬಳೇ ಹೋಗುವ ಹೆಂಗಸಿಗೆ ಇದರಲ್ಲಿ ರಿಯಾಯಿತಿ ಇಲ್ಲವೇ ಇಲ್ಲ.

ಹೆಂಗಸರಿಗಾಗಿ ಇನ್ನಷ್ಟು. ಊರು ಹೊಕ್ಕಾಗ ಮೊದಲು ಅಂಗನವಾಡಿ ಸೇವಿಕೆ, ಆಶಾ ಕಾರ್ಯಕರ್ತೆ ಅಥವಾ ಸ್ವಸಹಾಯ ಸಂಘ ಅಂದರೆ ಬಚತ್ ಗಟ್‌ನವರನ್ನು ಹುಡುಕಿ. ಶೌಚಾಲಯ, ಪ್ಯಾಡ್, ತಂಗುವ ಮನೆ, ಎಲ್ಲಕ್ಕೂ ಅವರಲ್ಲಿ ದಾರಿ ಇರುತ್ತದೆ, ಅವರು ತೋರಿಸಿದ ಮನೆಗೆ ಊರಿನ ಭರವಸೆಯೂ ಇರುತ್ತದೆ. ಮನೆಯ ಒಬ್ಬರಿಗೆ ಲೈವ್ ಲೊಕೇಶನ್ ಕೊಡಿ. ಆದರೆ ಖಾಡಿಯ ತಗ್ಗುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಇಂತಿಷ್ಟು ಗಂಟೆಗೆ ಫೋನ್ ಮಾಡುತ್ತೇನೆ ಎಂಬ ಮಾತೂ ಇರಲಿ. ತುರ್ತಿಗೆ 112, ಆಂಬ್ಯುಲೆನ್ಸಿಗೆ 108. ಎರಡೂ ರಾಜ್ಯದಲ್ಲಿ ಇದೇ.

ಘಾಟಿ ಗೇರ್

ರಾತ್ರಿ ತಂಗುವುದಕ್ಕೆ:

ಟೆಂಟ್ ಹಾಕುವುದಾದರೆ ಕತ್ತಲಾಗುವ ಒಂದೂವರೆ ಗಂಟೆ ಮೊದಲೇ ಊರು ಮುಟ್ಟಿ, ಪೊಲೀಸ್ ಪಾಟೀಲ ಯಾರು ಎಂದು ಕೇಳಿ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದು ಸರ್ಕಾರ ನೇಮಿಸುವ ಹುದ್ದೆ, ಊರಿಗೆ ಬಂದ ಹೊಸಬರ ಸುದ್ದಿ ಇವರಿಗೆ ಮುಟ್ಟಲೇಬೇಕು. ಇವರು ಸಿಗದಿದ್ದರೆ ಸರಪಂಚ್. ಆಧಾರ್ ಪ್ರತಿ ಒಂದು ಕೊಡಿ, ಮೇಲೆ ‘ಒಂದು ರಾತ್ರಿ ತಂಗಲು’ ಎಂದು ಮರಾಠಿಯಲ್ಲಿ ಬರೆದು ತಾರೀಖು ಹಾಕಿ, ಬೇರೆಯದಕ್ಕೆ ಬಳಕೆಯಾಗದಿರಲಿ. ದೇವಸ್ಥಾನದ ಸಭಾಮಂಟಪ ಅಥವಾ ಜಿಲ್ಲಾ ಪರಿಷತ್ ಶಾಲೆಯ ಜಗಲಿ ಸಿಗಬಹುದು. ಶಾಲೆಯಾದರೆ ಬೆಳಿಗ್ಗೆ ಮಕ್ಕಳು ಬರುವ ಮೊದಲು ಗುಡಿಸಿ ಹೊರಡಬೇಕು.

ಕೇಳುವಾಗ ಅಳತೆ ಹೇಳಿ. ‘ಉಳಿಯಲು ಜಾಗ ಇದೆಯಾ?’ ಎಂದರೆ ಎದುರಿನವರಿಗೆ ಊಟ, ಹಾಸಿಗೆ, ಎಷ್ಟು ದಿನ ಎಂಬ ಚಿಂತೆ ಶುರು. ‘ಒಬ್ಬನೇ, ಒಂದು ರಾತ್ರಿ, ನನ್ನ ಹಾಸಿಗೆ ನನ್ನಲ್ಲಿದೆ, ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ, ನಲ್ಲಿ ಮಾತ್ರ ಬೇಕು’ ಎಂದರೆ ಉತ್ತರ ಬೇಗ ಬರುತ್ತದೆ.

ಸಣ್ಣ ಲಾಡ್ಜುಗಳಲ್ಲಿ ಒಬ್ಬನೇ ಗಂಡಸಿಗೆ ರೂಮ್ ಇಲ್ಲ ಅನ್ನುವುದು ಇದೆ. ಒಬ್ಬಂಟಿಯಾಗಿ ಬಂದವರು ಜೀವಕ್ಕೇನಾದರೂ ಮಾಡಿಕೊಂಡಾರು ಎಂಬ ಭಯ ಅದರ ಹಿಂದಿದೆ. ಬೇಜಾರು ಮಾಡಿಕೊಳ್ಳದೆ ಸೈಕಲ್ ಒಳಗೆ ತಂದು ತೋರಿಸಿ, ಮನೆಯವರಿಗೆ ಫೋನ್ ಹಚ್ಚಿ ಮ್ಯಾನೇಜರ್ ಕೈಗೆ ಕೊಡಿ.

ವೇಳಾಸ್, ಆಂಜರ್ಲೆ ಕಡಲತೀರದಲ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ನಿಮ್ಮ ಡಿಸೆಂಬರ್ ಆ ಕಾಲಕ್ಕೇ ಬೀಳುತ್ತದೆ. ಅಲ್ಲಿ ಮರಳ ಮೇಲೆ ಟೆಂಟ್ ಬೇಡ, ಹೆಡ್‌ಲ್ಯಾಂಪ್ ಬೆಳಕೂ ಬೇಡ, ಬೆಳಕಿಗೆ ಆಮೆ ಹಿಂದಿರುಗಿ ಹೋಗುತ್ತದೆ. ಊರ ಮನೆಗಳಲ್ಲೇ ಉಳಿಯಿರಿ.

ಚಿಂಚ್‌ವಾಡದ ಅಕ್ಕ

ಊಟದ ಬಗ್ಗೆಯೂ ಹೇಳಬೇಕು. ‘ಘರ್‌ಗುತಿ ಜೇವಣ್’ (ಮನೆಯೂಟ) ಎಂಬ ಬೋರ್ಡ್ ಕಂಡಕೂಡಲೇ ಊಟ ಸಿದ್ಧ ಇದೆ ಎಂದುಕೊಳ್ಳಬೇಡಿ. ಹೇಳಿದ ಮೇಲೆ ಒಲೆ ಹಚ್ಚುತ್ತಾರೆ. ಬೋರ್ಡಿನಲ್ಲಿ ನಂಬರ್ ಇದ್ದರೆ ಎರಡು ಗಂಟೆ ಮೊದಲು ಫೋನ್ ಮಾಡಿ, ಮೀನೋ ಸಸ್ಯಾಹಾರವೋ ಹೇಳಿ, ಹೇಳಿದ ಹೊತ್ತಿಗೆ ಹೋಗಿ. ತಡವಾದರೆ ತಿಳಿಸಿ, ಒಬ್ಬರಿಗಾಗಿ ಮಾಡಿದ ಅಡುಗೆ ಉಳಿದರೆ ಅವರಿಗೆ ನಷ್ಟ.

ದುಡ್ಡು ತೆಗೆದುಕೊಳ್ಳದ ಮನೆಗಳೂ ಇರುತ್ತವೆ. ಅಲ್ಲಿ ಯಜಮಾನರಿಗೆ ನೋಟು ಚಾಚಬೇಡಿ. ಅವರಲ್ಲೇ ಕೋಕಮ್, ಹಪ್ಪಳ, ಆಂಬಾಪೋಳಿ (ಒಣಗಿಸಿದ ಮಾವಿನ ಹಣ್ಣಿನ ಹಾಳೆ) ಮಾರಾಟಕ್ಕಿದ್ದರೆ ಕೊಳ್ಳಿ, ಅದು ಇಬ್ಬರಿಗೂ ಗೌರವ. ದಾರಿಯ ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ. ಮುಂದೆ ಬರುವ ಸೈಕಲಿಗೆಲ್ಲ ಮಕ್ಕಳು ರಸ್ತೆಗೆ ಓಡಿ ಬರುವುದು ಇದರಿಂದಲೇ. 10, 20, 50ರ ನೋಟು ಸೇರಿ 2000 ರೂಪಾಯಿಯಷ್ಟು ಚಿಲ್ಲರೆ ಇರಲಿ, ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ.

ವಾಸ್ಕೋ ವಾಸಿ

ನಾಯಿ ವಿಷಯ ಬಿಟ್ಟೀರಲ್ರಿ. ನಾಯಿ ಬೆನ್ನು ಹತ್ತಿದರ ಸೈಕಲ್ ಜೋರಾಗಿ ಓಡಸಬ್ಯಾಡ್ರಿ, ಒದಿಯಾಕ ಹೋಗಬ್ಯಾಡ್ರಿ, ಬ್ಯಾಲೆನ್ಸ್ ತಪ್ಪತದ. ಇಳದು ಸೈಕಲ್ ನಡುವ ಇಟ್ಟು ಸಾವಕಾಶ ನಡೀರಿ, ಮನಿಯವರನ್ನ ಕೂಗ್ರಿ. ಕಚ್ಚಿದರ ಗಾಯ ಸೋಪು ಹಚ್ಚಿ ಹರಿಯೋ ನೀರಿನ್ಯಾಗ 15 ನಿಮಿಷ ತೊಳೀರಿ. ಅರಿಶಿಣ, ಖಾರ ಏನೂ ಹಚ್ಚಿಸಿಕೋಬ್ಯಾಡ್ರಿ, ಯಾರು ಎಷ್ಟು ಹೇಳಿದರೂ. ಅವತ್ತ ಸರ್ಕಾರಿ ಆಸ್ಪತ್ರಿಗೆ ಹೋಗ್ರಿ. ರಕ್ತ ಬಂದಿದ್ದರ ಲಸಿಕಿ ಒಂದ ಸಾಲದು, ಇಮ್ಯುನೊಗ್ಲೋಬ್ಯುಲಿನ್ ಬೇಕಂತ ಕೇಳ್ರಿ. ಸಣ್ಣ ಕೇಂದ್ರದಾಗ ಇರದಿದ್ದರ ಜಿಲ್ಲಾ ಆಸ್ಪತ್ರಿಗೆ ಕಳಸ್ತಾರ. ಉಳಿದ ಡೋಸಿನ ಚೀಟಿ ಬರಿಸಿಕೊಳ್ರಿ, ಅದನ್ನ ತೋರಿಸಿ ಮುಂದಿನ ಊರಾಗ ಹಾಕಿಸಿಕೋಬಹುದು.

ಘಾಟಿ ಗೇರ್

ಇದನ್ನು ಮಾರ್ಚಿನಲ್ಲಿ ಓದುವವರಿಗೆ: ಶಿಮಗಾ (ಕೊಂಕಣದ ಹೋಳಿ ಹಬ್ಬ) ದಿನಗಳಲ್ಲಿ ಹುಡುಗರು ರಸ್ತೆಗೆ ಹಗ್ಗ ಹಿಡಿದು ಕಾಣಿಕೆ ಕೇಳುತ್ತಾರೆ. ಕಾರಿಗೆ ಕಾಣುವ ಹಗ್ಗ ಇಳಿಜಾರಿನಲ್ಲಿ ಬರುವ ಸೈಕಲಿಗೆ ತಡವಾಗಿ ಕಾಣುತ್ತದೆ. ಊರು ಹತ್ತಿರ ಬಂದಾಗಲೇ ಬ್ರೇಕ್ ಮೇಲೆ ಬೆರಳಿರಲಿ, 10 ರೂಪಾಯಿ ಮೇಲಿನ ಜೇಬಿನಲ್ಲಿರಲಿ.

ಡೊಂಬಿವ್ಲಿ ಪೆಡಲ್

ತುಂಬಾ ಉಪಕಾರವಾಯಿತು. ಗೋವಾ ಕಡೆಗೆ ದಾಟುವಾಗ ಬೇರೆ ಏನಾದರೂ?

ವಾಸ್ಕೋ ವಾಸಿ

ರೇಡಿಯಿಂದ ತೇರೆಖೋಲ್, ಅಲ್ಲಿಂದ ಫೆರಿ ದಾಟಿದರ ಕೇರಿ. ನೀರು ಇಳಿದಾಗ ಆ ಫೆರಿ ನಿಲ್ಲತದ. ಹಂಗಾಗಿ ಶಿರೋಡಾದಾಗನ ‘ಫೆರಿ ಚಾಲೂ ಆಹೇ ಕಾ?’ ಅಂತ ಕೇಳಿ ಮುಂದ ಹೋಗ್ರಿ. ಇಲ್ಲಾಂದ್ರ ಆರೋಂದಾಕ್ಕ ತಿರುಗಿ ಕಿರಣಪಾಣಿ ಸೇತುವೆ ಮ್ಯಾಲಿಂದ ಗೋವಾ ಸೇರ್ರಿ. ಬೀಚಿನ ಮ್ಯಾಲೆ ಒಲಿ ಹಚ್ಚಿ ಅಡಗಿ ಮಾಡೂದು, ಕುಡಿಯೂದು ಗೋವಾದಾಗ ಗುನ್ನೆ, ದಂಡ ಹಾಕ್ತಾರ. ಟೆಂಟ್ ಚೀಲದಾಗ ಇಟ್ಟು ರೂಮ್ ಹಿಡೀರಿ. ಮಾಂದ್ರೆ, ಮೋರ್ಜಿ ಕಡೆ ಬಾಡಿಗಿ ಸ್ಕೂಟರಿನವರು ಒಮ್ಮಿಂದೊಮ್ಮೆ ಬ್ರೇಕ್ ಹಿಡೀತಾರ, ತಿರುವಿನ್ಯಾಗ ನಿಮ್ಮ ಬದಿಗೆ ಬರ್ತಾರ. ಸಂಜಿ ಆದ ಮ್ಯಾಲೆ ಆ ರಸ್ತೆ ಬ್ಯಾಡ. ಕೇರಿಯೊಳಗ ಇಳಿದ ದಿನ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಆರಕ್ಕ ಪಣಜಿಗೆ ಹೊರಡ್ರಿ.